ಗಾಜಿನ ಬುರುಡೆಯ ನಾದಸಾಧನೆ

1947ನೆಯ ಇಸವಿಯ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆ ಒಂದು ಲೇಖನವನ್ನು ಎರಡು ಕಂತುಗಳಲ್ಲಿ ಪ್ರಕಟಿಸಿತು. ಬರೆದಾತ ಡಿ. ಟಿ. ಎನ್. ವಿಲಿಯಮ್ಸನ್, ಆಗಿನ್ನೂ ಇಪ್ಪತ್ತೈದು ತುಂಬದ ತರುಣ. ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಬ್ರಿಟನ್ನಿನ ಗೃಹಿಣಿಯರು ಬ್ರೆಡ್ಡಿಗೂ ಪಡಿತರ ಚೀಟಿ ಹಿಡಿದು ನಿಲ್ಲುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ಈ ತರುಣ ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ಒಂದು ಆಂಪ್ಲಿಫೈಯರಿನ ನಕ್ಷೆಯನ್ನು, ಬಿಡಿಭಾಗಗಳ ಅಳತೆ ಸಹಿತ, ಯಾವ ಗುಟ್ಟನ್ನೂ ಉಳಿಸಿಕೊಳ್ಳದೆ ಓದುಗರ ಮುಂದಿಟ್ಟ. ಹದಿನೈದು ವಾಟ್ ಶಕ್ತಿ ಹೊಮ್ಮಿಸುವಾಗಲೂ ಅದು ನಾದಕ್ಕೆ ಬೆರೆಸುವ ವಿಕೃತಿ ಸಾವಿರಕ್ಕೆ ಒಂದು ಪಾಲನ್ನು ಮೀರುತ್ತಿರಲಿಲ್ಲ. ಹಲವು ದೇಶಗಳ ಹವ್ಯಾಸಿಗಳು ಅದನ್ನು ಕಟ್ಟಿದರು. ಸಾಗರದಾಚೆ ಅಮೆರಿಕದ ಹೀತ್‌ಕಿಟ್ ಮುಂತಾದ ಸಂಸ್ಥೆಗಳು ಅದೇ ಮಾದರಿಯ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಮಾರಿದವು. ಸಂಜೆ ಮನೆಗೆ ಬಂದು ಊಟದ ಮೇಜಿನ ಒಂದು ಮೂಲೆಯಲ್ಲಿ ಕುಳಿತು ಸಂಗೀತದ ಯಂತ್ರವನ್ನು ತಾನೇ ಕಟ್ಟುವ ಹವ್ಯಾಸಕ್ಕೆ ಹೀಗೆ ಒಂದು ಶಾಸ್ತ್ರಗ್ರಂಥವೇ ದೊರೆತಂತಾಯಿತು.

ಕೆರೆಯ ತೂಬು

ಈ ಯಂತ್ರದ ಜೀವವಿರುವುದು ವಾಲ್ವಿನಲ್ಲಿ. ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆಯೊಳಗೆ ಕಾದು ಕೆಂಪಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ಎದುರಿನ ಆನೋಡ್ ತಗಡನ್ನು ಸೇರುತ್ತವೆ. 1904ರಲ್ಲಿ ಫ್ಲೆಮಿಂಗ್ ರಚಿಸಿದ ವಾಲ್ವಿನಲ್ಲಿ ಇದ್ದುದು ಇಷ್ಟೇ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇವೆರಡರ ನಡುವೆ ತಂತಿಯ ಮೂರನೆಯ ಅಂಗವೊಂದನ್ನು ಇರಿಸಿದ, ಅದೇ ಗ್ರಿಡ್. ಕೆರೆಯ ತೂಬನ್ನು ಕಂಡವರಿಗೆ ಇದರ ಮರ್ಮ ಥಟ್ಟನೆ ಹೊಳೆಯುತ್ತದೆ. ತೂಬಿನ ಕದವನ್ನು ಒಂದು ಬೆರಳಿನಷ್ಟು ಏರಿಸಿ ಇಳಿಸಲು ಒಬ್ಬನ ಕೈಬಲ ಸಾಕು. ಆದರೆ ಅದಕ್ಕೆ ತಕ್ಕಂತೆ ಏರಿಳಿಯುವುದು ಇಡೀ ಕಾಲುವೆಯ ನೀರು. ಗ್ರಿಡ್ಡಿನ ಮೇಲೆ ಬಿದ್ದ ಕಿಂಚಿತ್ ವೋಲ್ಟೇಜು ಆನೋಡಿನತ್ತ ಸಾಗುವ ದೊಡ್ಡ ಪ್ರವಾಹವನ್ನು ಕುಣಿಸುತ್ತದೆ. ಹಾಡಿನ ಕ್ಷೀಣವಾದ ಅಲೆ ಹೀಗೆ ಬಲಗೊಳ್ಳುತ್ತದೆ.

ಸೊಳ್ಳೆಯೂ ಆನೆಯಾದೀತು

ಎಷ್ಟು ಕ್ಷೀಣವೆಂದು ಕೇಳುವಿರಾದರೆ, ಗ್ರಾಮಫೋನ್ ತಟ್ಟೆಯ ಮೇಲೆ ಚಲಿಸುವ ಆಯಸ್ಕಾಂತದ ಮುಳ್ಳು ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಮುಖ್ಯ ಆಂಪ್ಲಿಫೈಯರಿಗೆ ಸುಮಾರು ಒಂದು ವೋಲ್ಟ್ ಬೇಕು. ನಡುವಿನ ಈ 200 ಪಟ್ಟಿನ ಅಂತರವನ್ನು ತುಂಬುವುದೇ ಪ್ರೀಆಂಪ್ಲಿಫೈಯರಿನ ಕೆಲಸ. ಒಂದೇ ಬುರುಡೆಯಲ್ಲಿ ಎರಡು ಟ್ರಯೋಡುಗಳನ್ನು ಅಡಗಿಸಿಕೊಂಡ ಇ.ಸಿ.ಸಿ. 83 ಎಂಬ ವಾಲ್ವು ಇದಕ್ಕೆ ಹೆಸರಾಗಿದೆ.

ಆದರೆ ಹಿಗ್ಗಿಸುವುದಷ್ಟೇ ಅದರ ಕರ್ತವ್ಯವಲ್ಲ. ತಟ್ಟೆಯನ್ನು ಕೊರೆಯುವಾಗ, ಗೆರೆಗಳು ಅತ್ತಿತ್ತ ಹೆಚ್ಚು ಓಲಾಡದಿರಲೆಂದು ಮಂದ್ರಸ್ವರಗಳನ್ನು ತಗ್ಗಿಸಿ, ಮುಳ್ಳಿನ ಸರಸರ ಸದ್ದನ್ನು ಅಡಗಿಸಲು ತಾರಸ್ವರಗಳನ್ನು ಹೆಚ್ಚಿಸಿರುತ್ತಾರೆ. ಕೇಳುವಾಗ ಇದನ್ನು ತಿರುಗುಮುರುಗು ಮಾಡಬೇಕು. ಮೊದಲು ಒಂದೊಂದು ಕಂಪೆನಿಯದು ಒಂದೊಂದು ಲೆಕ್ಕವಿತ್ತು. 1954ರಲ್ಲಿ ಅಮೆರಿಕದ ರೆಕಾರ್ಡ್ ತಯಾರಕರ ಸಂಘ ಒಂದೇ ಕ್ರಮವನ್ನು ಗೊತ್ತುಪಡಿಸಿತು. ಅದರ ಪ್ರಕಾರ, ಸೆಕೆಂಡಿಗೆ 1,000 ಕಂಪನಗಳ ಸ್ವರಕ್ಕೆ ಹೋಲಿಸಿದರೆ, 20 ಕಂಪನಗಳ ಸ್ವರವನ್ನು ಸುಮಾರು ಒಂಬತ್ತು ಪಟ್ಟು ಹೆಚ್ಚಿಸಿ ಕೇಳಿಸಬೇಕು.

ಹವ್ಯಾಸಿಯ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿಯೇ. ಹಾಡಿನ ಜೊತೆಗೆ ಹತ್ತಿರದ ತಂತಿಗಳಿಂದ ನುಸುಳಿಬಂದ 50 ಕಂಪನಗಳ ಗುಂಯ್‌ಗುಡುವಿಕೆಯೂ ಹಿಗ್ಗಿ, ಸೊಳ್ಳೆ ಆನೆಯಾಗುತ್ತದೆ. ವಾಲ್ವುಗಳನ್ನು ಕಾಯಿಸುವ ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೆಣೆಯುವುದು, ಭೂಸಂಪರ್ಕಗಳನ್ನೆಲ್ಲ ಒಂದೇ ಬಿಂದುವಿಗೆ ತರುವುದು, ಮೈನ್ಸ್ ಟ್ರಾನ್ಸ್‌ಫಾರ್ಮರನ್ನು ಸೂಕ್ಷ್ಮ ಭಾಗಗಳಿಂದ ದೂರವಿಡುವುದು—ಇವು ಈ ಪಿಡುಗಿಗೆ ಮದ್ದು. ನಕ್ಷೆ ಒಂದೇ ಆದರೂ ಒಬ್ಬನ ಯಂತ್ರ ಮೌನವಾಗಿದ್ದು, ಇನ್ನೊಬ್ಬನದು ಗೊಣಗುವುದಕ್ಕೆ ಕಾರಣ ಈ ಕೈಗೆಲಸವೇ.

ತಾಮ್ರದ ತಂತಿಯ ತಪಸ್ಸು

ವಾಲ್ವಿನ ಸ್ವಭಾವ ಹೆಚ್ಚು ವೋಲ್ಟೇಜು, ಕಡಮೆ ಪ್ರವಾಹ. ಸ್ಪೀಕರಿನದು ಇದಕ್ಕೆ ತದ್ವಿರುದ್ಧ. ಇ.ಎಲ್. 84 ಎಂಬ ಪುಟ್ಟ ವಾಲ್ವು 5,200 ಓಮ್ ಹೊರೆಯನ್ನು ಬಯಸಿದರೆ ಸ್ಪೀಕರು ಕೇವಲ 8 ಓಮ್. ಈ ಎರಡು ಪ್ರಕೃತಿಗಳಿಗೆ ಜೊತೆ ಕೂಡಿಸುವ ಪುರೋಹಿತನೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5,200ನ್ನು 8ರಿಂದ ಭಾಗಿಸಿದರೆ 650. ಅದರ ವರ್ಗಮೂಲ ಸುಮಾರು 25½. ಅಂದರೆ ಸ್ಪೀಕರಿನ ಕಡೆ ಒಂದು ಸುತ್ತಿಗೆ ವಾಲ್ವಿನ ಕಡೆ ಇಪ್ಪತ್ತೈದೂವರೆ ಸುತ್ತು ತಂತಿ ಇರಬೇಕು.

ವಿಲಿಯಮ್ಸನ್ನನ ಜಾಣ್ಮೆ ಬಹುಮಟ್ಟಿಗೆ ಈ ಟ್ರಾನ್ಸ್‌ಫಾರ್ಮರಿನಲ್ಲಿತ್ತು. 1927ರಲ್ಲಿ ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ ಉಪಾಯವೊಂದನ್ನು ಆತ ಬಳಸಿದ. ಹಾಡುವವನು ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಅಪಸ್ವರವನ್ನು ತಿದ್ದಿಕೊಳ್ಳುವಂತೆ, ಹೊರಬಂದ ಧ್ವನಿಯ ಒಂದಂಶವನ್ನು ಹಿಂದಕ್ಕೆ ತಂದು, ಒಳಬರುವ ಧ್ವನಿಗೆ ವಿರುದ್ಧವಾಗಿ ಸೇರಿಸಿದರೆ ಯಂತ್ರ ತನ್ನ ತಪ್ಪನ್ನು ತಾನೇ ಕಳೆದುಕೊಳ್ಳುತ್ತದೆ. ಆದರೆ ಟ್ರಾನ್ಸ್‌ಫಾರ್ಮರಿನಲ್ಲಿ ಧ್ವನಿ ತಡವರಿಸಿದರೆ ತಿದ್ದುಪಡಿ ಹೊತ್ತು ಮೀರಿ ಬರುತ್ತದೆ. ತಿದ್ದಬೇಕಾದುದು ಕೆಡಿಸಿ, ಯಂತ್ರ ತಾನಾಗಿಯೇ ಕೂಗತೊಡಗುತ್ತದೆ. ಆದ್ದರಿಂದಲೇ ತಂತಿಯನ್ನು ಪದರ ಪದರವಾಗಿ, ಭಾಗ ಭಾಗವಾಗಿ ಹೆಣೆದು ಸುತ್ತಬೇಕೆಂದು ಆತ ವಿಧಿಸಿದ.

1954ರಲ್ಲಿ ಮುಲ್ಲಾರ್ಡ್ ಕಂಪೆನಿ ಇದಕ್ಕಿಂತ ಸರಳವಾದ ‘ಫೈವ್-ಟೆನ್’ ನಕ್ಷೆಯನ್ನು ಹೊರತಂದಿತು. ಐದು ವಾಲ್ವು, ಹತ್ತು ವಾಟ್. ಹೆಸರಿನಲ್ಲಿಯೇ ವಿವರವೆಲ್ಲ ಇದೆ. ಮಧ್ಯಮ ವರ್ಗದ ಮನೆಯ ಹಜಾರಕ್ಕೆ ಅದು ಹೇಳಿಮಾಡಿಸಿದಂತಿತ್ತು.

ಕಿವಿಗೆ ಇಂಪೇಕೆ?

ವಿಲಿಯಮ್ಸನ್ನನ ಲೇಖನ ಬಂದ ವರ್ಷದ ಡಿಸೆಂಬರಿನಲ್ಲಿಯೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಜನಿಸಿದ್ದು ವಿಧಿಯ ವಿನೋದವೆನ್ನಬೇಕು. 1954ರಲ್ಲಿ ಸ್ಥಾಪನೆಯಾಗಿ, 1960ರ ದಶಕದಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಿದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಕಾಲದೊಡನೆ ಬೇರೆ ದಾರಿ ಹಿಡಿಯಿತು. ಇಂದು ಹವ್ಯಾಸಿಗೆ ಹೊಸ ವಾಲ್ವು ದೊರೆಯುವುದು ಸ್ಲೊವಾಕಿಯ, ರಷ್ಯ, ಚೀನ ದೇಶಗಳಿಂದ.

ವಾಲ್ವಿನ ನಾದವೇ ಶ್ರೇಷ್ಠವೆಂದು ಶಪಥ ಮಾಡುವವರುಂಟು. ಅಳತೆಯ ಮಾತಿಗೆ ಬಂದರೆ, ಬೆರಳುಗುರಿನಷ್ಟು ಚಿಪ್ಪು ಇಂದು ಆ ಹಳೆಯ ಯಂತ್ರಗಳನ್ನು ಸುಲಭವಾಗಿ ಸೋಲಿಸುತ್ತದೆ. ಆದರೂ ಕಿವಿಯ ಸಾಕ್ಷ್ಯ ಬರಿಯ ಭ್ರಮೆಯಲ್ಲ. ಒಂಟಿ ವಾಲ್ವಿನ ಯಂತ್ರ ಬೆರೆಸುವ ವಿಕೃತಿಯಲ್ಲಿ ಪ್ರಧಾನವಾದುದು ಮೂಲಸ್ವರದ ಎರಡರಷ್ಟು ಕಂಪನದ ಸ್ವರ. ಷಡ್ಜಕ್ಕೆ ಅದು ಮೇಲಿನ ಷಡ್ಜವನ್ನೇ ಸೇರಿಸುತ್ತದೆ. ತಂಬೂರಿಯ ತಂತಿಯಲ್ಲೂ ಇರುವ ಈ ಸಂವಾದಿಯನ್ನು ಕಿವಿ ದೋಷವೆಂದು ಬಗೆಯದೆ ‘ತುಂಬಿದ ನಾದ’ವೆಂದು ಸ್ವಾಗತಿಸುತ್ತದೆ.

ಪ್ರಾಣಕ್ಕೆ ಎರವಾಗದಂತೆ

ಮನೆಯಲ್ಲಿ ಹುಡುಗರಿದ್ದು ಈ ಹವ್ಯಾಸ ಹತ್ತಿದ್ದರೆ ತಂದೆತಾಯಿಗಳು ಇದನ್ನು ತಪ್ಪದೆ ಓದಬೇಕು. ಈ ಯಂತ್ರಗಳೊಳಗೆ ಮುನ್ನೂರು, ನಾನ್ನೂರು ವೋಲ್ಟುಗಳು ಓಡಾಡುತ್ತವೆ; ಅದು ಮೃತ್ಯುವಿಗೆ ಸಾಕು. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತರೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಹೊಂಚುಹಾಕಿ ಕುಳಿತಿರುತ್ತದೆ. ಅದನ್ನು ಬರಿದುಮಾಡುವ ರೆಸಿಸ್ಟರೊಂದನ್ನು ಶಾಶ್ವತವಾಗಿ ಜೋಡಿಸಿರಬೇಕು. ಹಾಗಿದ್ದರೂ ಮೀಟರಿನಿಂದ ಅಳೆಯದೆ ಕೈಯಿಡಬಾರದು. ಲೋಹದ ತಳಕ್ಕೆ ಭೂಸಂಪರ್ಕ ಕಡ್ಡಾಯ. ವಿದ್ಯುತ್ತು ಹರಿಯುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿರಲಿ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ಪ್ರವಾಹದ ದಾರಿಯಲ್ಲಿ ಹೃದಯವಿದೆ. ಒಬ್ಬಂಟಿಯಾಗಿ, ನಿದ್ದೆಗಣ್ಣಿನಲ್ಲಿ ಈ ಕೆಲಸ ಸಲ್ಲದು. ಸ್ಪೀಕರು ಜೋಡಿಸದೆ ಯಂತ್ರವನ್ನು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟೀತು.

ಇಷ್ಟು ಅಪಾಯ, ಇಷ್ಟು ಶ್ರಮ ಏತಕ್ಕೆ? ಅಂಗಡಿಯಿಂದ ತಂದ ಪೆಟ್ಟಿಗೆ ಕೆಟ್ಟರೆ ನಾವು ಅದನ್ನು ಎಸೆಯುತ್ತೇವೆ, ಏಕೆಂದರೆ ಅದರ ಒಳಗು ನಮಗೆ ತಿಳಿಯದು. ತಾನೇ ಬೆಸುಗೆ ಹಾಕಿ ಕಟ್ಟಿದವನಿಗೆ ತನ್ನ ಯಂತ್ರದ ಒಂದೊಂದು ತಂತಿಯ ಕುಲಗೋತ್ರವೂ ಗೊತ್ತು. ಕೆಟ್ಟರೆ ಎಲ್ಲಿ ಹುಡುಕಬೇಕೆಂಬುದೂ ಗೊತ್ತು. ವಿಲಿಯಮ್ಸನ್ ಪತ್ರಿಕೆಯ ಮೂಲಕ ಹಂಚಿದ್ದು ಈ ಅರಿವನ್ನು. ದೀಪ ತಗ್ಗಿಸಿದ ಕೋಣೆಯಲ್ಲಿ ವಾಲ್ವುಗಳು ನಸುಗೆಂಪಾಗಿ ಬೆಳಗುತ್ತ ಮೊದಲ ಬಾರಿಗೆ ಹಾಡತೊಡಗಿದಾಗ ಮನೆಮಂದಿಯೆಲ್ಲ ಬಂದು ಸುತ್ತ ಕುಳಿತುಕೊಳ್ಳುವುದು ಸಂಗೀತಕ್ಕಾಗಿ ಮಾತ್ರವಲ್ಲ, ಅದನ್ನು ಹಾಡಿಸಿದ ಕೈಗಳ ಮೇಲಿನ ಅಕ್ಕರೆಗಾಗಿಯೂ ಹೌದು.