ಕಾರ್ಡು ಸತ್ತಿಲ್ಲ, ಮೊದಲು ಅದರ ನಂಬರ್ ನೋಡಿ

ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಲಿನಕ್ಸ್ ಹಾಕಿ ಮುಗಿಸಿದಿರಿ. ಪರದೆ ಬಂತು, ಕೀಬೋರ್ಡ್, ಮೌಸ್ ಎಲ್ಲ ಸರಿ. ವೈಫೈ ಗುರುತು ಮಾತ್ರ ಇಲ್ಲ. ಆಗ ಹಲವರು ಕಾರ್ಡೇ ಹೋಗಿದೆ ಎಂದು ಅಂಗಡಿಗೆ ಒಯ್ಯುತ್ತಾರೆ, ಇಲ್ಲವೇ ಪಟ್ಟು ಹಿಡಿದು ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಹೆಚ್ಚಿನ ಸಲ ಎರಡೂ ದಂಡ. ನಿನ್ನೆವರೆಗೆ ಕೆಲಸ ಮಾಡುತ್ತಿದ್ದ ಕಾರ್ಡು ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಕೆಡುವುದಿಲ್ಲ.

ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ. ಪಿಸಿಐ ಕಾರ್ಡುಗಳೆಲ್ಲ ತಮ್ಮ ತಯಾರಕರ ನಂಬರನ್ನೂ ಮಾಡೆಲ್ ನಂಬರನ್ನೂ ಒಳಗೇ ಇಟ್ಟುಕೊಂಡಿರುತ್ತವೆ. ಅದನ್ನು ಓದಲು ಡ್ರೈವರ್ ಬೇಕಿಲ್ಲ. ಚೌಕ ಆವರಣದೊಳಗೆ ‘14ಇ4:4315’ ಎಂದು ಕಂಡರೆ ಮೊದಲರ್ಧ ಬ್ರಾಡ್‌ಕಾಮ್, ಉಳಿದದ್ದು ಅದರ ಬಿಸಿಎಂ4312 ಎಂಬ ವೈಫೈ ಚಿಪ್. 10ಇಸಿ ಎಂದರೆ ರಿಯಲ್‌ಟೆಕ್. 8086 ಎಂದರೆ ಇಂಟೆಲ್. 1978ರ ತನ್ನ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಆ ಕಂಪನಿ ಇಲ್ಲೂ ಇಟ್ಟುಕೊಂಡಿದೆ. ಈ ನಂಬರನ್ನು ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನ ಮಾಡೆಲ್ ಹೆಸರನ್ನು ನೆಚ್ಚಬೇಡಿ, ಒಂದೇ ಮಾಡೆಲ್ಲಿನಲ್ಲಿ ಬೇರೆ ಬೇರೆ ಕಾರ್ಡು ಹಾಕಿ ಮಾರಿರುತ್ತಾರೆ.

ಪಟ್ಟಿಯಲ್ಲಿ ಕಾರ್ಡೇ ಇಲ್ಲದಿದ್ದರೆ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದ್ದಾರೆಯೇ, ಕಾರ್ಡು ಸಡಿಲವಾಗಿದೆಯೇ ನೋಡಿ. ಯುಎಸ್‌ಬಿ ಅಡಾಪ್ಟರ್ ಆದರೆ ಅದು ಸಿಗುವುದು ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ. ಕಾರ್ಡಿನ ಹೆಸರಿದ್ದು, ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಎಂದು ಹೇಳುವ ಸಾಲು ಇಲ್ಲವೆಂದರೆ ಡ್ರೈವರ್ ಸೇರಿಕೊಂಡಿಲ್ಲ. ಆ ಸಾಲೂ ಇದೆ, ಆದರೂ ವೈಫೈ ಇಲ್ಲ ಎನ್ನುವುದೇ ಜನರನ್ನು ಹೆಚ್ಚು ಗೋಳುಹೊಯ್ದುಕೊಳ್ಳುವುದು.

ಇಲ್ಲಿ ಸಾಮಾನ್ಯವಾಗಿ ಕೊರತೆ ಫರ್ಮ್‌ವೇರಿನದು. ಡ್ರೈವರ್ ಓಡುವುದು ಕಂಪ್ಯೂಟರಿನ ಪ್ರೊಸೆಸರಿನಲ್ಲಿ. ಫರ್ಮ್‌ವೇರ್ ಓಡುವುದು ಕಾರ್ಡಿನೊಳಗಿನ ಚಿಪ್ಪಿನಲ್ಲಿ. ಪ್ರತಿ ಸಲ ಯಂತ್ರ ಶುರುವಾದಾಗ ಡ್ರೈವರ್ ಆ ಕಡತವನ್ನು ಕಾರ್ಡಿಗೆ ತುಂಬಬೇಕು. ಕಡತ ಸಿಗದಿದ್ದರೆ ಕರ್ನಲ್ ತನ್ನ ದಿನಚರಿಯಲ್ಲಿ ಹಾಗೆಂದು ಬರೆದೂ ಇಡುತ್ತದೆ. ‘ಸುಡೊ ಡಿಮೆಸ್ಜಿ’ ಕೊಟ್ಟು ‘ಫರ್ಮ್‌ವೇರ್’ ಎಂಬ ಪದ ಹುಡುಕಿದರೆ ಕಾಣುತ್ತದೆ. ಇಂಥ ಕಡತಗಳ ಮೂಲ ಸಂಕೇತವನ್ನು ಕಂಪನಿಗಳು ಕೊಡದ ಕಾರಣ ಡೆಬಿಯನ್ ಬಹುಕಾಲ ಅವನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು. 2023ರ ಜೂನಿನಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್ ಜೊತೆಗೇ ಬರುತ್ತಿದೆ. ಹೊಸಬರ ಮಟ್ಟಿಗೆ ಇದು ದೊಡ್ಡ ಉಪಕಾರವೆಂದೇ ನನ್ನ ಎಣಿಕೆ.

ಆದರೂ ಹಳೆಯ ಬ್ರಾಡ್‌ಕಾಮ್ ಕಾರ್ಡುಗಳ ಪಾಡು ಬೇರೆ. ಅವುಗಳ ಫರ್ಮ್‌ವೇರನ್ನು ಹಂಚಲು ಅನುಮತಿಯಿಲ್ಲ. ಹಾಗಾಗಿ ‘ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್’ ಎಂಬ ಪ್ಯಾಕೇಜಿನಲ್ಲಿ ಫರ್ಮ್‌ವೇರೇ ಇರುವುದಿಲ್ಲ. ಅದು ಕಡತವನ್ನು ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ನೆಟ್ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ತರಲು ನೆಟ್ ಬೇಕು!

ಈ ಗಂಟು ಬಿಡಿಸಲು ಕೈಯಲ್ಲಿರುವ ಮೊಬೈಲೇ ಸಾಕು. ಡೇಟಾ ಹೋಗುವ ಯುಎಸ್‌ಬಿ ಕೇಬಲ್ಲಿನಿಂದ (ಬರೀ ಚಾರ್ಜಿಂಗಿನದು ಆಗದು) ಆಂಡ್ರಾಯ್ಡ್ ಫೋನನ್ನು ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸಿನಲ್ಲೇ ಇದೆ; ಫೋನು ತಂತಿಯ ನೆಟ್‌ವರ್ಕಿನಂತೆ ಕಾಣಿಸಿಕೊಳ್ಳುತ್ತದೆ. ಪ್ಯಾಕೇಜ್ ಹಾಕಿಕೊಂಡು ಯಂತ್ರವನ್ನು ರೀಸ್ಟಾರ್ಟ್ ಮಾಡಿ.

ಇಷ್ಟಾದ ಮೇಲೂ ವೈಫೈ ಏಳದಿದ್ದರೆ ‘ಆರ್‌ಎಫ್‌ಕಿಲ್’ ಆಜ್ಞೆ ಕೊಡಿ. ಸಾಫ್ಟ್ ಬ್ಲಾಕ್ ಆಗಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ’ ಎಂದರೆ ತೆರೆದುಕೊಳ್ಳುತ್ತದೆ. ಹಾರ್ಡ್ ಬ್ಲಾಕ್‌ಗೆ ಯಾವ ಆಜ್ಞೆಯೂ ನಾಟದು. ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈಯದೇ ಪುಟ್ಟ ಸ್ವಿಚ್ ಇದ್ದರೆ ಅದನ್ನು ಸರಿಸಿ ನೋಡಿ.