ಅಕ್ಷರ ಬಾರದ ಅವ್ವನೂ ಮಗುವಿನ ಓದು ನೋಡಬಲ್ಲಳು

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಎಕಂಬಾದಂಥ ಗಡಿಭಾಗದ ಊರುಗಳಲ್ಲಿ ಮಕ್ಕಳ ಓದಿನ ಮಾತು ಬಂದರೆ ಅನೇಕ ತಂದೆತಾಯಿಗಳು ಹಿಂದೆ ಸರಿಯುತ್ತಾರೆ: ನಮಗೆ ಅಕ್ಷರ ಬರೋದಿಲ್ಲ, ಮಾಸ್ತರರು ನೋಡಿಕೊಳ್ಳುತ್ತಾರೆ. ಇದನ್ನು ಉದಾಸೀನ ಎಂದು ಬೈಯುವುದು ಅನ್ಯಾಯ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 70ರ ಆಸುಪಾಸಿನಲ್ಲಿತ್ತು. ಮಹಿಳೆಯರದು ಅದಕ್ಕಿಂತಲೂ ಕಡಿಮೆ. ಶಾಲೆ ಕಾಣದವರಿಗೆ ಪುಸ್ತಕ ಹಿಡಿದ ಮಗುವಿನ ಪಕ್ಕ ಕೂರಲು ಅಳುಕಾಗುವುದು ಸಹಜ. ಆದರೆ ಪಾಠ ಹೇಳಿಕೊಡುವುದು ಒಂದು ಕೆಲಸ, ಪಾಠ ತಲೆಗೆ ಹತ್ತಿತೇ ಎಂದು ವಿಚಾರಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಅಕ್ಷರ ಬೇಕೇಬೇಕೆಂದಿಲ್ಲ.

ಕಾನೂನು ಪೋಷಕರಿಗೆ ಜಾಗ ಕೊಟ್ಟು ಬಹಳ ಕಾಲವಾಯಿತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಂದದ್ದು 2001ರಲ್ಲಿ. ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟಾರೆ ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಮಗುವಿನ ಹಾಜರಾತಿ ಮತ್ತು ಕಲಿಕೆಯ ಪ್ರಗತಿಯನ್ನು ಸಭೆ ಕರೆದು ಪೋಷಕರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯವೆಂದೂ ಅದೇ ಕಾಯ್ದೆ ಹೇಳುತ್ತದೆ. ಆದರೂ ಸಭೆ ಕಾಂಪೌಂಡು, ನೀರಿನ ಟ್ಯಾಂಕು, ಬಿಸಿಯೂಟದಲ್ಲೇ ಮುಗಿದುಹೋದರೆ ಮಗುವಿನ ಓದು ಅಜೆಂಡಾಕ್ಕೇ ಬರುವುದಿಲ್ಲ. ಬರೀ ಸಮಿತಿಯಿಂದ ಕಲಿಕೆ ಹೆಚ್ಚುವುದಿಲ್ಲ ಎಂಬುದಕ್ಕೆ ಪುರಾವೆಯೂ ಇದೆ. ಉತ್ತರ ಪ್ರದೇಶದ ಜೌನಪುರ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳ್ಳಿಯವರಿಗೆ ಸಮಿತಿಯ ಅಧಿಕಾರವನ್ನು ತಿಳಿಸಿ ಹೇಳಿದ್ದರಿಂದ ಸರ್ಕಾರಿ ಶಾಲೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಊರಿನ ಯುವಕರಿಗೆ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿದಾಗ ಮಾತ್ರ, ಅಲ್ಲಿಗೆ ಬಂದ ಮಕ್ಕಳ ಓದು ಸುಧಾರಿಸಿತು. ಮುಂದೆ ಬಿಹಾರ ಮತ್ತು ರಾಜಸ್ಥಾನದಲ್ಲಿ ‘ಪ್ರಥಮ್’ ಸ್ವಯಂಸೇವಾ ಸಂಸ್ಥೆ ತಾಯಂದಿರಿಗೆ ಅಕ್ಷರ ಕಲಿಸುವುದರ ಜೊತೆಗೆ, ಮನೆಯಲ್ಲೇ ಮಗುವನ್ನು ತೊಡಗಿಸುವ ಚಟುವಟಿಕೆಗಳನ್ನೂ ಕೊಟ್ಟು ನೋಡಿತು. ಮಕ್ಕಳ ಗಣಿತದಲ್ಲಿ ಸಣ್ಣದಾದರೂ ಖಚಿತವಾದ ಸುಧಾರಣೆ ಕಂಡಿತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನ್ನಿಸುವುದಿಷ್ಟು: ಪೋಷಕರಿಗೆ ಹಕ್ಕಿದೆ ಎಂದು ಹೇಳಿದರೆ ಸಾಲದು, ಮಾಡಲು ಒಂದು ನಿರ್ದಿಷ್ಟ ಕೆಲಸ ಕೊಡಬೇಕು.

ಅಂಥ ಕೆಲಸ ಕಷ್ಟದ್ದೇನೂ ಅಲ್ಲ. ಮಗು ಪಾಠವನ್ನು ಗಡಗಡ ಒಪ್ಪಿಸುತ್ತಿದ್ದರೆ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿ. ಬಾಯಿಪಾಠ ಮಾಡಿದ ಮಗು ಮತ್ತೆ ಸಾಲಿನ ಮೊದಲಿಗೆ ಓಡುತ್ತದೆ. ಓದಲು ಬಲ್ಲ ಮಗು ಪದವನ್ನು ಹೇಳಿಬಿಡುತ್ತದೆ. ಆ ತಡವರಿಕೆ ಓದು ಬಾರದ ಅವ್ವನ ಕಿವಿಗೂ ಗೊತ್ತಾಗುತ್ತದೆ. ಇಂಥ ಪರೀಕ್ಷೆ ಎಷ್ಟು ಅಗತ್ಯವೆಂದರೆ, ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿಯಂತೆ ದೇಶದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಠ್ಯ ಓದಬಲ್ಲವರು ಶೇ 42.8 ಮಾತ್ರ.

ಮನೆಯಲ್ಲಿ ಮರಾಠಿ, ಲಂಬಾಣಿ, ಉರ್ದು, ಶಾಲೆಯಲ್ಲಿ ಕನ್ನಡ. ಇದಕ್ಕೇನು ಮಾಡುವುದು ಎಂಬ ಪ್ರಶ್ನೆ ಈ ಭಾಗದಲ್ಲಿ ನಿಜವಾದ ಪ್ರಶ್ನೆ. ಓದಿದ ಕಥೆಯನ್ನು ಮನೆಮಾತಿನಲ್ಲಿ ಹೇಳು ಎಂದು ಮಗುವಿಗೆ ಹೇಳಿದರೆ, ಅರ್ಥವಾಗಿದೆಯೇ ಇಲ್ಲವೇ ಎಂಬುದು ಅಲ್ಲೇ ತಿಳಿಯುತ್ತದೆ. ಇನ್ನು ಕೂಲಿಯ ಮಾತು. ಸೋಯಾ ರಾಶಿಯ ದಿನಗಳಲ್ಲಿ ಮಧ್ಯಾಹ್ನ ಸಭೆ ಕರೆದು, ಯಾರೂ ಬರಲಿಲ್ಲ ಎಂದು ದೂರುವುದು ತಪ್ಪು, ಸಂಜೆಗೆ ಕರೆಯಿರಿ. ತಂದೆತಾಯಿ ಗುಳೆ ಹೋಗಿದ್ದರೆ ಅಜ್ಜಿಯನ್ನಾದರೂ ಕರೆಯಿರಿ. ಕಲಿಸುವ ಹೊಣೆ ಸಂಬಳ ಪಡೆಯುವ ಶಿಕ್ಷಕರದು ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೊಣೆ ಅವರದೇ; ಲೆಕ್ಕ ಕೇಳುವವರು ನಾವು.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಕಟ್ಟಡದ ಮಾತು ಆಮೇಲಿರಲಿ. ನನ್ನ ಮಗುವಿಂದ ನನ್ನೆದುರೇ ಒಂದು ಪುಟ ಓದಿಸಿ ಎಂದು ಮೊದಲು ಕೇಳಿ.