ಜೀವಕೋಶದ ಸಕ್ಕರೆ ಲೆಕ್ಕ

ಕರುಳಿನ ಕ್ಯಾನ್ಸರ್ ಅಂದ ಕೂಡಲೇ ಕೆಲವು ಮನೆಗಳಲ್ಲಿ ಮೊದಲು ಚಹಾದ ಸಕ್ಕರೆ ನಿಲ್ಲುತ್ತದೆ. ನಾನಿಲ್ಲಿ ಹೇಳಹೊರಟ ಸಕ್ಕರೆ ಬೇರೆ. ನಮ್ಮ ಜೀವಕೋಶಗಳ ಹೊರಮೈ ಮೇಲೆ ಸಕ್ಕರೆ ಅಣುಗಳನ್ನು ಪೋಣಿಸಿದ ಸಣ್ಣ ಸಣ್ಣ ಮಣಿಸರಗಳು ಇರುತ್ತವೆ. ಅನ್ನ, ಚಪಾತಿಯಿಂದ ಬಂದ ಗ್ಲೂಕೋಸಿನಿಂದಲೇ ದೇಹ ಈ ಮಣಿಗಳನ್ನು ಮಾಡಿಕೊಳ್ಳುತ್ತದೆ. ಹಾಗಾಗಿ ಚಹಾಕ್ಕೆ ಸಕ್ಕರೆ ಬಿಟ್ಟ ಮಾತ್ರಕ್ಕೆ ಸರ ಬದಲಾಗೋದಿಲ್ಲ. ನಿಮ್ಮ ರಕ್ತದ ಗುಂಪು ಎ ಅಥವಾ ಬಿ ಅನ್ನುವುದು ಕೂಡ ಇಂಥ ಸರದ ತುದಿಯ ಮಣಿಯಿಂದಲೇ ತೀರ್ಮಾನವಾಗೋದು. ಒ ಗುಂಪಿನವರಲ್ಲಿ ಆ ಕೊನೆಯ ಮಣಿ ಸೇರಿಸುವ ಕಿಣ್ವ ಕೆಲಸ ಮಾಡೋದಿಲ್ಲ, ಅಷ್ಟೇ.

ಈ ಕಿಣ್ವಗಳಿಗೆ ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಎಂದು ಹೆಸರು. (ಉಚ್ಚಾರ ಬರಲು ನನಗೆ ಎರಡು ದಿನ ಹಿಡಿಯಿತು. ‘ಸಕ್ಕರೆ ಜೋಡಿಸುವ ಕಿಣ್ವ’ ಅಂದರೂ ಸಾಕು.) ಒಂದೊಂದಕ್ಕೆ ಒಂದೊಂದೇ ಕೆಲಸ: ಇಂಥ ಸಕ್ಕರೆಯನ್ನು ಇಂಥ ಸರಕ್ಕೆ ಸೇರಿಸುವುದು. ಸಕ್ಕರೆಯು ನ್ಯೂಕ್ಲಿಯೋಟೈಡ್ ಎಂಬ ವಾಹಕದ ಹೆಗಲೇರಿ ಕಿಣ್ವದ ಹತ್ತಿರ ಬರುತ್ತದೆ. ಇಂಥ ಸಕ್ಕರೆ-ವಾಹಕ ಜೋಡಿಯನ್ನು ಕಂಡುಹಿಡಿದ ಅರ್ಜೆಂಟೀನಾದ ಲೂಯಿಸ್ ಲೆಲುವಾರ್ ಅವರಿಗೆ ೧೯೭೦ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ಕ್ಯಾನ್ಸರಿನಲ್ಲಿ ಇವು ಹೇಗೆ ಬದಲಾಗ್ತವೆ ಅಂತ ತಿಳಿಯೋದು ಹೇಗೆ? ಶಸ್ತ್ರಕ್ರಿಯೆಯಲ್ಲಿ ತೆಗೆದ ಕರುಳಿನಿಂದ ಎರಡು ಚೂರು ತೆಗೆದುಕೊಳ್ತಾರೆ. ಒಂದು ಗಡ್ಡೆಯದು, ಇನ್ನೊಂದು ಅದೇ ರೋಗಿಯ ಆರೋಗ್ಯವಾದ ಒಳಪದರದ್ದು. ಎರಡನ್ನೂ ಬೇರೆ ಬೇರೆಯಾಗಿ ಅರೆದು, ಗುರುತು ಹಾಕಿದ ಸಕ್ಕರೆ ಕೊಟ್ಟು, ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಜೋಡಣೆ ಆಯಿತೆಂದು ಅಳೀತಾರೆ. ಕಾಮರ್ಸಿನವನಾದ ನನಗೆ ಈ ಕ್ರಮ ಬಹಳ ಹಿಡಿಸಿತು. ಬೇರೆ ಬೇರೆ ಅಂಗಡಿಗಳ ಲೆಕ್ಕ ಹೋಲಿಸಿ ಏನು ಬಂತು? ಒಂದೇ ಅಂಗಡಿಯ ಎರಡು ಖಾತೆ ಪುಸ್ತಕ ಪಕ್ಕಪಕ್ಕ ಇಟ್ಟರೆ ತಾನೇ ಗುಟ್ಟು ಹೊರಬೀಳೋದು!

ಹಾಗೆ ಇಟ್ಟು ನೋಡಿದಾಗ ಗಡ್ಡೆಯಲ್ಲಿ ಕೆಲವು ಕಿಣ್ವಗಳ ಚಟುವಟಿಕೆ ಏರಿರುವುದು ಕಂಡಿತು. ಸರದ ತುದಿಗೆ ಸಿಯಾಲಿಕ್ ಆಮ್ಲವೆಂಬ ಆಮ್ಲಗುಣದ ಸಕ್ಕರೆಯನ್ನು ಸೇರಿಸುವ ಒಂದು ಕಿಣ್ವ ಇವುಗಳಲ್ಲಿ ಮುಖ್ಯ. ಏರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ನನಗೆ ಹೆಚ್ಚು ಅನ್ನಿಸಿದ್ದು ಇಳಿದ ಬಾಬತ್ತು. ಆರೋಗ್ಯವಾದ ದೊಡ್ಡ ಕರುಳಿನ ಲೋಳೆಯಲ್ಲಿ ‘ಕೋರ್ ೩’ ಎಂಬ ಬುಡದಿಂದ ಬೆಳೆದ ಸರಗಳು ಹೇರಳ. ಆ ಬುಡ ಕಟ್ಟುವ ಕಿಣ್ವ ಗಡ್ಡೆಯಲ್ಲಿ ತೀರ ಕುಗ್ಗಿಬಿಡುತ್ತದೆ. ಆಗ ಎಷ್ಟೋ ಸರಗಳು ಮೊದಲನೇ ಮಣಿಗೇ ಮೊಟಕಾಗುತ್ತವೆ. ೨೦೦೭ರಲ್ಲಿ ಈ ಕಿಣ್ವವೇ ಇಲ್ಲದ ಇಲಿಗಳ ಮೇಲೆ ಪ್ರಯೋಗ ನಡೆಸಿದಾಗ, ಅವು ಕರುಳಿನ ಉರಿಯೂತಕ್ಕೂ ಗಡ್ಡೆಗೂ ಉಳಿದ ಇಲಿಗಳಿಗಿಂತ ಸುಲಭವಾಗಿ ತುತ್ತಾದವು.

ಇನ್ನೊಂದು ಸರದ ಹೆಸರು ಸಿಯಾಲಿಲ್ ಲೂಯಿಸ್ ಎ. ಆರೋಗ್ಯವಾದ ಕರುಳಿನಲ್ಲಿ ಇದಕ್ಕೆ ಮತ್ತೊಂದು ಸಿಯಾಲಿಕ್ ಆಮ್ಲ ಸೇರಿ ಸರ ಪೂರ್ತಿಯಾಗುತ್ತದೆ. ಕ್ಯಾನ್ಸರಿನಲ್ಲಿ ಆ ಕೊನೆಯ ಕಿಣ್ವ ಇಳಿದು, ಕೆಲಸ ಅರ್ಧಕ್ಕೆ ಬಿಟ್ಟ ಸರ ಹಾಗೇ ಹೊರಗೆ ಕಾಣಿಸಿಕೊಳ್ಳುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಕೊಕ್ಕೆಗಳಿವೆ. ಅರ್ಧ ಸರ ಅವಕ್ಕೆ ಚೆನ್ನಾಗಿ ಸಿಕ್ಕಿಕೊಳ್ಳುತ್ತದೆ. ರಕ್ತದಲ್ಲಿ ಹೊರಟ ಕ್ಯಾನ್ಸರ್ ಕೋಶ ದೂರದ ಊರಿನಲ್ಲಿ ಇಳಿಯಲು ಇದೂ ಒಂದು ದಾರಿ. ಗಡ್ಡೆಯನ್ನು ಕತ್ತರಿಸಿ ತೆಗೆಯಬಹುದು, ಆದರೆ ಪ್ರಾಣಕ್ಕೆ ಬರೋದು ಹೆಚ್ಚಾಗಿ ಈ ಪ್ರಯಾಣವೇ.

ಇದೇ ಅರ್ಧ ಸರವನ್ನು ಲ್ಯಾಬೊರೇಟರಿ ರಿಪೋರ್ಟುಗಳಲ್ಲಿ ನೀವೂ ನೋಡಿರಬಹುದು, ಸಿ.ಎ. ೧೯-೯ ಎಂಬ ಹೆಸರಿನಲ್ಲಿ. ೧೯೭೯ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ಕೊಪ್ರೊವ್‌ಸ್ಕಿ ಮತ್ತು ಸಂಗಡಿಗರು ಕರುಳಿನ ಕ್ಯಾನ್ಸರ್ ಕೋಶಗಳನ್ನು ಬಳಸಿ ಇದನ್ನು ಗುರುತಿಸಿದರು. ಈಗ ಇದರ ಉಪಯೋಗ ಹೆಚ್ಚಾಗಿ ಮೇದೋಜೀರಕದ ಕ್ಯಾನ್ಸರಿನಲ್ಲಿ. ಕರುಳಿನ ರೋಗಿಗಳ ಮೇಲೆ ನಿಗಾ ಇಡಲು ಸಿ.ಇ.ಎ. ಎಂಬ ಬೇರೆ ಪರೀಕ್ಷೆಯನ್ನೇ ಮುಖ್ಯವಾಗಿ ಮಾಡಿಸ್ತಾರೆ.

ರಿಪೋರ್ಟಿನಲ್ಲಿ ಸಿ.ಎ. ೧೯-೯ ಕಡಿಮೆ ಇದ್ದರೆ ಮನೆಮಂದಿಗೆಲ್ಲ ಸಮಾಧಾನ. ಆದರೆ ಈ ಸರ ಕಟ್ಟಲು ಫ್ಯೂಕೋಸ್ ಎಂಬ ಸಕ್ಕರೆ ಜೋಡಿಸುವ ಕಿಣ್ವ ಬೇಕೇ ಬೇಕು. ಯುರೋಪ್ ಮೂಲದವರಲ್ಲಿ ನೂರಕ್ಕೆ ೫ರಿಂದ ೧೦ ಜನರಿಗೆ ಅದು ಹುಟ್ಟಿನಿಂದಲೇ ಕೆಲಸ ಮಾಡೋದಿಲ್ಲ. ಅಂಥವರಲ್ಲಿ ಗಡ್ಡೆ ಬೆಳೆದಿದ್ದರೂ ಅಂಕಿ ಏರೋದು ಅಪರೂಪ. ತದ್ವಿರುದ್ಧವಾಗಿ, ಪಿತ್ತನಾಳ ಕಟ್ಟಿಕೊಂಡು ಕಾಮಾಲೆ ಆದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರಬಹುದು. ಅದಕ್ಕೇ ಮಲದಲ್ಲಿ ರಕ್ತ ಕಂಡವರಿಗೆ ವೈದ್ಯರು ಈ ಅಂಕಿಯನ್ನು ನೆಚ್ಚದೆ, ದುರ್ಬೀನು ಹಾಕಿ ಕರುಳನ್ನು ಕಣ್ಣಾರೆ ನೋಡಿ, ಅನುಮಾನ ಬಂದ ಕಡೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ.